ವೇಗ ಮೂವತ್ತೈದು

ಅಮೆರಿಕದ ನೆವಾರ್ಕಿನ ಸುರುಳಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನಾನು ಕಾಗದಕ್ಕೆ ತೂತು ಹಾಕುವ ಕೆಲಸ ಮಾಡಿದೆ. ತಾನೇ ನುಡಿಯುವ ಪಿಯಾನೋಗೆ ಹಾಕುವ ಕಾಗದದ ಸುರುಳಿ ಅದು. ತೂತು ಎಲ್ಲಿದೆಯೋ ಅಲ್ಲಿ ಸ್ವರ, ತೂತು ಎಷ್ಟು ಉದ್ದವೋ ಸ್ವರ ಅಷ್ಟು ಉದ್ದ. ಕಾಲಲ್ಲಿ ತುಳಿಯುತ್ತಾ ಕೂತರೆ ಸಂಗೀತ ಬಾರದವರ ಮನೆಯಲ್ಲೂ ಸಂಗೀತ ಆಗುತ್ತದೆ.

ನಾನು ಕತ್ತರಿಸಿದ್ದರಲ್ಲಿ ಬಹಳಷ್ಟು ಕಯೆತಾನ್ ವ್ರೋನಾ ಅವರು ನುಡಿಸಿದ್ದು. ಅವರ ವಿಷಯ ಬರೆಯುವವರು ಬೇರೆ ಯಾರೂ ಉಳಿದಿಲ್ಲ.

ಅವರು ಪೋಲೆಂಡಿನ ತಾರ್ನೂಫ್ ಪಟ್ಟಣದ ಹತ್ತಿರದ ಹಳ್ಳಿಯವರು. ನಾವು ಅಲ್ಲಿಂದ ಎರಡು ದಿನದ ದಾರಿಯವರು, ಆದರೆ ಸಮುದ್ರ ದಾಟಿದ ಮೇಲೆ ಅದೆಲ್ಲ ಪಕ್ಕದ ಮನೆ ಇದ್ದ ಹಾಗೆ. ಸಾವಿರದ ಒಂಬೈನೂರ ಹದಿಮೂರನೇ ಇಸವಿಯಲ್ಲಿ ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಊರಲ್ಲಿ ಬಿಟ್ಟು, ಒಂದು ವರ್ಷದಲ್ಲಿ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಬಂದವರು. ಮರುವರ್ಷವೇ ಯುದ್ಧ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಜ್ವರ ಬಂತು, ಹೆಂಡತಿ ಹೋದಳು. ಮಗಳನ್ನು ಹೆಂಡತಿಯ ಅಕ್ಕ ಇಟ್ಟುಕೊಂಡಳು. ಸಲೋಮೆಯಾ ಅಂತ ಹೆಸರು, ಎಲ್ಲರ ಬಾಯಲ್ಲೂ ಸಾಲ್ಚಾ. ದೊಡ್ಡಮ್ಮ ಹುಡುಗಿಯನ್ನು ಕಳಿಸಲು ಒಪ್ಪಲಿಲ್ಲ. "ನಿನ್ನ ಹತ್ತಿರ ಯಾರಿದ್ದಾರೆ, ಪಿಯಾನೋ ಜಡೆ ಹಾಕುತ್ತಾ?" ಎಂದು ಬರೆಸಿದಳಂತೆ. ಆಮೇಲೆ ಇವರಿಗೆ ಎದೆ ಕೆಟ್ಟಿತು. ಮತ್ತೆ ಕರೆಸುವ ಮಾತು ಎತ್ತಲಿಲ್ಲ.

ನನ್ನ ಗಂಡ ತೆಯೋಫಿಲ್ ಬದುಕಿದ್ದಾಗಲೇ ಅವರು ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದರು. ನಮ್ಮ ಎರಡನೇ ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತರು. ಅಂದಿನಿಂದ ನಾನು ಅವರಿಗೆ ಕುಮಾ, ಅವರು ನನಗೆ ಕುಮ್. ಒಂದೇ ಮಗುವಿಗೆ ತಾಯಿಯಾದವಳೂ ಧರ್ಮತಂದೆಯಾದವನೂ ಹಾಗೆ ಕರೆದುಕೊಳ್ಳುವುದು ನಮ್ಮ ವಾಡಿಕೆ. ಆ ನಂಟಿನವರ ನಡುವೆ ಮದುವೆಯ ಮಾತು ಏಳುವ ಹಾಗಿಲ್ಲ. ತೆಯೋಫಿಲ್ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಸತ್ತ ಮೇಲೂ ಕುಮ್ ಅದೇ ಕೋಣೆಯಲ್ಲಿ ಇದ್ದರು. ಹಾಗಿದ್ದರೂ ಜನ ಮಾತಾಡಿದರು. ಊರ ಬಾಯಿಗೆ ಮುಚ್ಚಳ ಎಲ್ಲಿ ತರುವುದು.

ವ್ರೋನಾ ಅಂದರೆ ನಮ್ಮಲ್ಲಿ ಕಾಗೆ. ಅದನ್ನು ಅವರೇ ಮೊದಲು ಹೇಳಿಬಿಡುತ್ತಿದ್ದರು, ಬೇರೆಯವರು ಹೇಳುವ ಮೊದಲು. "ಕಾಗೆ ಹಾಡೋಕೆ ಕೂತಿದೆ, ಕಿಟಕಿ ಹಾಕ್ಕೊಳ್ಳಿ," ಎಂದು ಹೇಳಿ ಪಿಯಾನೋ ಮುಂದೆ ಕೂರುತ್ತಿದ್ದರು. ಕಾರ್ಖಾನೆಯವರು ಅವರಿಗೆ ಒಂದು ಹೆಸರಲ್ಲ, ನಾಲ್ಕು ಕೊಟ್ಟಿದ್ದರು. ಪೋಲಿಷ್ ಸುರುಳಿಯ ಮೇಲೆ ವ್ರೋನಾ, ರಷ್ಯದವರಿಗೆ ಮಾರುವುದರ ಮೇಲೆ ವ್ರೋನ್‌ಸ್ಕಿ, ಹಂಗೇರಿಯವರಿಗೆ ವರ್ಗಾ, ಜರ್ಮನರಿಗೆ ಕ್ರೇಮರ್. ಒಂದು ಸಲ ರೊಟ್ಟಿ ಅಂಗಡಿಯಲ್ಲಿ ಹಂಗೇರಿಯ ಹೆಂಗಸೊಬ್ಬಳು, "ವರ್ಗಾ ನುಡಿಸುವ ಹಾಗೆ ಈ ಪೋಲಿಷರಿಗೆ ನುಡಿಸಲು ಏಳು ಜನ್ಮಕ್ಕೂ ಬರಲ್ಲ," ಎಂದು ಅವರ ಎದುರಿಗೇ ಹೇಳಿದಳು. ಇವರು ಟೋಪಿ ತೆಗೆದು, "ನಿಜ ತಾಯಿ, ನಾನೂ ಅವನ ಹತ್ತಿರವೇ ಕಲಿತದ್ದು," ಎಂದರು. ಮನೆಗೆ ಬಂದು ಅದನ್ನು ಹೇಳಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಅವರು ಗುರುತು ಮಾಡುವ ಪಿಯಾನೋ ನುಡಿಸುತ್ತಿದ್ದರು. ಒಳಗೆ ಕಾಗದ ಓಡುತ್ತಿತ್ತು, ಒತ್ತಿದ ಪ್ರತಿ ಸ್ವರಕ್ಕೂ ಪೆನ್ಸಿಲ್ ಗೀಟು ಬೀಳುತ್ತಿತ್ತು. ಆ ಕಾಗದ ನನ್ನ ಮೇಜಿಗೆ ಬರುತ್ತಿತ್ತು. ಗೀಟಿನ ಮೇಲೆ ನಾನು ಚೂರಿಯಲ್ಲಿ ಕತ್ತರಿಸುತ್ತಿದ್ದೆ. ತಪ್ಪು ಸ್ವರ ಬಿದ್ದಿದ್ದರೆ ಅಂಟು ಕಾಗದದ ತೇಪೆ ಹಾಕುತ್ತಿದ್ದೆ. ಅದರಿಂದ ಯಂತ್ರದಲ್ಲಿ ನಕಲು ತೆಗೆಯುತ್ತಿದ್ದರು. ಕೊನೆಗೆ ಮುದ್ರೆ ಮೇಜು. ಅಲ್ಲಿ ರೊಜಾಲಿಯಾ ಎಂಬುವಳು ಸುರುಳಿಯ ತಲೆಯ ಮೇಲೆ ಹಾಡಿನ ಹೆಸರು ಮತ್ತು ವೇಗದ ಅಂಕಿಯ ಮುದ್ರೆ ಹಾಕುತ್ತಿದ್ದಳು. ಮನೆಯಲ್ಲಿ ನುಡಿಸುವವರು ಪಿಯಾನೋದ ಮುಳ್ಳನ್ನು ಆ ಅಂಕಿಗೆ ಇಡಬೇಕು. ಎಪ್ಪತ್ತು ಅಂದರೆ ಸಾಧಾರಣ, ನೂರು ಅಂದರೆ ಕುಣಿತ. ರೊಜಾಲಿಯಾಳ ಕೈ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು.

ಇಪ್ಪತ್ತೆಂಟರ ಜೂನಿನಲ್ಲಿ ಸಾಲ್ಚಾಳ ಕಾಗದ ಬಂತು. ತಾರ್ನೂಫಿನ ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ಸೆವೆರಿನ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಬರುವ ಫೆಬ್ರವರಿಯಲ್ಲಿ, ಈಸ್ಟರಿನ ದೊಡ್ಡ ಉಪವಾಸ ಹಿಡಿಯುವ ಮುಂಚಿನ ಭಾನುವಾರ ಮದುವೆ, ಅದೇ ಅಂಗಡಿಯಲ್ಲಿ ಊಟ. ಅಪ್ಪ ಬರಬೇಕು ಎಂದು ಬರೆದಿದ್ದಳು.

ಅವರು ಹೊಸ ಅಂಗಿ ಹೊಲಿಸಿದರು. ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೊಬೋಕನ್ ಬಂದರಿಗೆ ಹೋದರು. ನಾನೂ ಜೊತೆಗಿದ್ದೆ. ಹಡಗಿನ ವೈದ್ಯ ಅವರ ಬೆನ್ನಿಗೆ ಕಿವಿ ಇಟ್ಟು ಕೇಳಿದ, ಇನ್ನೊಂದು ಸಲ ಉಸಿರೆಳೆಯಿರಿ ಎಂದ, ಆಮೇಲೆ ತಲೆ ಅಲ್ಲಾಡಿಸಿದ. ಕ್ಷಯ ಇರುವವರನ್ನು ಹತ್ತಿಸಿಕೊಳ್ಳುವ ಹಾಗಿಲ್ಲ. ಪೆಟ್ಟಿಗೆ ಹಿಡಿದುಕೊಂಡು ಹಿಂದೆ ಬರುವಾಗ ಟ್ರಾಮಿನಲ್ಲಿ ಅವರು ಒಂದೇ ಮಾತಾಡಿದ್ದು.

"ಟೋಪಿ ಶಾಸ್ತ್ರಕ್ಕೆ ಯಾರು ನುಡಿಸ್ತಾರೆ, ಕುಮಾ?"

ನಮ್ಮ ಮದುವೆಯಲ್ಲಿ ಅದೇ ದೊಡ್ಡ ಘಳಿಗೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಹೂವಿನ ಕಿರೀಟ ತೆಗೆದು, ಜಡೆ ಬಿಚ್ಚಿ, ಮುತ್ತೈದೆಯರ ಬಟ್ಟೆ ಟೋಪಿ ತೊಡಿಸುತ್ತಾರೆ. ಎರಡು ಸಲ ಅವಳು ಅದನ್ನು ಕಿತ್ತು ಎಸೆಯಬೇಕು. ಮೂರನೇ ಸಲ ಎಸೆಯುವುದಿಲ್ಲ. ವ್ರೋನಾ ಮನೆತನದಲ್ಲಿ ಇದಕ್ಕೆ ಅಂತಲೇ ಒಂದು ರಾಗ ಇತ್ತು, ಅವರ ಅಪ್ಪ ಕಟ್ಟಿದ್ದು. ಅದರಲ್ಲಿ ಮೂರು ಕಡೆ ಬಿಡುವು. ಮೊದಲ ಎರಡು ಬಿಡುವಿನಲ್ಲಿ ಹುಡುಗಿ ಟೋಪಿ ಎಸೆಯುತ್ತಾಳೆ. ಮೂರನೆಯದು ಉದ್ದ. ಆಗ ಅವಳು ತಿರುಗಿ, ಬೆನ್ನ ಹಿಂದೆ ನಿಂತ ಅಪ್ಪನ ಮುಖ ನೋಡುತ್ತಾಳೆ. ಅಪ್ಪ ತಲೆ ಆಡಿಸಿದ ಮೇಲೆ ರಾಗ ಮುಂದಕ್ಕೆ ಹೋಗುತ್ತದೆ.

"ನಾನು ಹೋಗದಿದ್ರೆ ಏನಾಯ್ತು," ಎಂದರು ಒಂದು ವಾರ ಬಿಟ್ಟು, ಎಲೆಕೋಸಿನ ಸಾರು ಕಲಕುತ್ತಾ. "ಸೆವೆರಿನ್‌ನ ಅಂಗಡೀಲಿ ತಾನೇ ನುಡಿಯೋ ಪಿಯಾನೋ ಇದೆಯಂತೆ. ನನ್ನ ಕೈ ನುಡಿಸಿದ್ದು ಹೋದ್ರೆ ಸಾಕು. ಅವಳು ಅಪ್ಪನ್ನ ಒಂದು ಸಲ ಕೇಳಬೇಕು, ಅಷ್ಟೇ."

"ಎಷ್ಟು ಸ್ವರದ್ದು?" ಎಂದೆ.

"ಪಿಯಾನೋ ಅಂದ್ರೆ ಪಿಯಾನೋ."

"ಅಲ್ಲ ಕುಮ್. ಹಳೇದಾದ್ರೆ ಅರವತ್ತೈದು, ಹೊಸದಾದ್ರೆ ಎಂಬತ್ತೆಂಟು. ಇದರ ಸುರುಳಿ ಅದಕ್ಕೆ ಕೂರೋದೇ ಇಲ್ಲ. ಹಿತ್ತಾಳೆ ಪಟ್ಟಿ ಮೇಲೆ ತೂತು ಎಷ್ಟಿದೆ ಅಂತ ಎಣಿಸಿ ಬರೆಯೋಕೆ ಹೇಳಿ."

"ನೀವು ಸ್ವರ್ಗದ ಬಾಗಿಲಲ್ಲೂ ಮೊಳೆ ಎಣಿಸ್ತೀರಿ," ಎಂದರು. ಆದರೆ ಬರೆದರು.

ಉತ್ತರ ಬರುವುದರೊಳಗೆ ನುಡಿಸಿ ಇಡೋಣ ಎಂದು ಮೇಸ್ತ್ರಿ ಬೋಮನ್‌ನನ್ನು ಕೇಳಿದರು. ಮೇಸ್ತ್ರಿ ರಾಗದ ಒಂದು ಚೂರು ಕೇಳಿ, "ಇದನ್ನು ಕಾಲು ನೋಯಿಸಿಕೊಂಡು ಯಾರು ತುಳೀತಾರೆ? ಅಳೋಕೆ ಜನ ದುಡ್ಡು ಕೊಡಲ್ಲ," ಎಂದ. ಮಾರುವುದಕ್ಕಲ್ಲ ಎಂದ ಮೇಲೆ ಊಟದ ಬಿಡುವಿನಲ್ಲಿ ಗುರುತಿನ ಪಿಯಾನೋ ಬಿಟ್ಟುಕೊಟ್ಟ. ಕುಮ್ ಒಂದೇ ಸಲ ನುಡಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೂರನೇ ಬಿಡುವಿನಲ್ಲಿ ಅವರು ಕೈ ಎತ್ತಿ, ಯಾರೋ ಮುಂದೆ ಕೂತಿರುವ ಹಾಗೆ ತಲೆ ಆಡಿಸಿದರು. ಆಮೇಲೆ ಮುಂದಕ್ಕೆ ನುಡಿಸಿದರು. ಒಂದೂ ತಪ್ಪು ಸ್ವರ ಬಿದ್ದಿರಲಿಲ್ಲ. ಅವರ ಕಾಗದ ತೇಪೆಯ ಅಗತ್ಯವಿಲ್ಲದೆ ನನ್ನ ಕೈಗೆ ಬಂದದ್ದು ಅದೊಂದೇ.

ನವೆಂಬರ್ ಕೊನೆಗೆ ಸಾಲ್ಚಾ ಬರೆದಳು. ಅರವತ್ತೈದು ತೂತು, ಮೂರು ಸಲ ಎಣಿಸಿದ್ದಾಳೆ. ಹುಡುಗಿ ಅಚ್ಚುಕಟ್ಟು ಎಂದುಕೊಂಡೆ.

ಅಂದರೆ ಎಡಗಡೆಯ ಹನ್ನೆರಡು ಸ್ವರ, ಬಲಗಡೆಯ ಹನ್ನೊಂದು ಸ್ವರ ಆ ಪಿಯಾನೋದಲ್ಲಿ ಇಲ್ಲ. ಕೆಳಗಿನ ದಪ್ಪ ಸ್ವರಗಳನ್ನೆಲ್ಲ ಮೇಲಕ್ಕೆ ಎತ್ತಬೇಕಾಯಿತು. ಕುಮ್ ಒಂದೊಂದಕ್ಕೂ, "ಇದನ್ನೂ ತೆಗೀಬೇಕಾ?" ಎಂದು ಕೇಳುತ್ತಿದ್ದರು. ಕಾರ್ಖಾನೆಯ ಯಂತ್ರಗಳೆಲ್ಲ ಹೊಸ ಅಳತೆಯವು, ಇಂಚಿಗೆ ಒಂಬತ್ತು ತೂತು. ಹಳೆಯದಕ್ಕೆ ಇಂಚಿಗೆ ಆರು. ಹಾಗಾಗಿ ಇಡೀ ಸುರುಳಿಯನ್ನು ನಾನು ಅಡಿಗೆಮನೆಯ ಮೇಜಿನ ಮೇಲೆ ಅಳತೆಪಟ್ಟಿ ಇಟ್ಟು ಕೈಯಲ್ಲೇ ಕತ್ತರಿಸಿದೆ. ಸುರುಳಿ ಸುತ್ತಲು ಬೇಕಾದ ಹಳೇ ಕಾಲದ ಮೊಳೆತುದಿಯ ಕೊಳವೆ ಗುಜರಿ ಪೆಟ್ಟಿಗೆಯಲ್ಲಿ ಸಿಕ್ಕಿತು. ಇಪ್ಪತ್ತಾರು ಅಡಿ ಕಾಗದ. ಮೊದಲ ಬಿಡುವು ಮೂರು ಇಂಚು, ಎರಡನೆಯದೂ ಮೂರು, ಮೂರನೆಯದು ಏಳು. ಅದನ್ನು ಎರಡೆರಡು ಸಲ ಅಳೆದೆ.

ಈಗ ಹೇಳಬೇಕಾದ್ದು ಬಂತು. ಒಂದು ಸಂಜೆ ಕಾಗದದ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟುವಾಗ ರೊಜಾಲಿಯಾ ಹಿಂದಿನಿಂದ ಕೂಗಿದಳು.

"ಏನು ಅಪೊಲೊನಿಯಾ, ಕಾಗೆಗೆ ಗೂಡು ಹೆಣೀತಿದ್ದೀಯಂತೆ? ಮೊಟ್ಟೆ ಯಾವಾಗ?"

ಸುತ್ತ ಇದ್ದ ಹೆಂಗಸರು ನಕ್ಕರು. ನಾನು ಗೇಟು ದಾಟಿ ನಡೆದೆ. ಆದರೆ ಸುರುಳಿ ಮುಗಿದ ಮೇಲೆ ಅದನ್ನು ಅವಳ ಮೇಜಿಗೆ ಒಯ್ಯಲಿಲ್ಲ. ಒಯ್ದಿದ್ದರೆ ಇನ್ನೊಂದು ಮಾತು ಕೇಳಬೇಕಾಗುತ್ತಿತ್ತು. ಮುದ್ರೆ ಯಾತಕ್ಕೆ, ಹೆಸರು ಯಾತಕ್ಕೆ, ಮಗಳಿಗೆ ಅಪ್ಪನ ಹೆಸರು ಗೊತ್ತಿಲ್ಲವೇ ಎಂದುಕೊಂಡೆ. ಮುದ್ರೆಯಲ್ಲಿ ಹೆಸರಿನ ಪಕ್ಕ ವೇಗ ಕೂಡ ಇರುತ್ತದೆ ಎನ್ನುವುದು ನನ್ನ ತಲೆಗೆ ಬರಲಿಲ್ಲ. ಹತ್ತು ವರ್ಷಕ್ಕೂ ಮೇಲಿಂದ ಅದು ಇನ್ನೊಬ್ಬರ ಮೇಜಿನ ಕೆಲಸವಾಗಿತ್ತು. ನನ್ನ ಕಣ್ಣು ತೂತು ಬಿಟ್ಟು ಬೇರೆ ನೋಡುತ್ತಿರಲಿಲ್ಲ.

ಜನವರಿಯಲ್ಲಿ, ಮೂರು ರಾಜರ ಹಬ್ಬದ ಮರುದಿನ, ನಾನೇ ಸುತ್ತಿ ಕಟ್ಟಿದ ಸುರುಳಿಯನ್ನು ಅಂಚೆಗೆ ಹಾಕಿದೆವು. ಕುಮ್ ಜೊತೆಗಿಟ್ಟ ಚೀಟಿಯಲ್ಲಿ ಇದು ಟೋಪಿ ಶಾಸ್ತ್ರಕ್ಕೆ, ಹೇಗೆ ನುಡಿಸಬೇಕು ಎನ್ನುವುದೆಲ್ಲ ಸುರುಳಿಯ ತಲೆಯ ಮೇಲೇ ಇದೆ ಎಂದು ಬರೆದಿದ್ದರಂತೆ. ಹೆಚ್ಚು ಬರೆಯಲಿಲ್ಲ. ರಾಗವೇ ಹೇಳಲಿ ಎಂದು ಬಿಟ್ಟರು.

ಮಾರ್ಚ್ ಮೊದಲ ವಾರ ಸಾಲ್ಚಾಳ ಕಾಗದ ಬಂತು. ಶನಿವಾರ, ಕೆಲಸ ಮುಗಿಸಿ ಬಂದಿದ್ದೆವು. ಕುಮ್ ಕೋಟು ಕೂಡ ಬಿಚ್ಚದೆ ಜೋರಾಗಿ ಓದಿದರು.

"ಅಪ್ಪಾ, ನಿಮ್ಮ ಸುರುಳಿಯಿಂದ ಮದುವೆ ಮನೆ ಎದ್ದು ಕುಣೀತು. ಸೆವೆರಿನ್‌ನ ಯಜಮಾನರು ಮುಳ್ಳನ್ನ ಕುಣಿತದ ತುದಿಗೆ ಇಟ್ಟು ತುಳಿದರು. ನಾನು ಟೋಪಿ ಎಸೆಯೋಷ್ಟರಲ್ಲಿ ರಾಗ ಓಡಿಹೋಗ್ತಿತ್ತು, ಹೆಂಗಸರು ಟೋಪಿ ಹಿಂದೆ ಓಡ್ತಿದ್ದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು. ಐದು ಸಲ ಹಾಕಿಸಿದೆವು. ನೀವು ಅಲ್ಲಿ ಒಬ್ಬರೇ ಕೊರಗ್ತಿದ್ದೀರಿ ಅಂತ ದೊಡ್ಡಮ್ಮ ಯಾವಾಗಲೂ ಹೇಳೋಳು. ನನಗೂ ಅದೇ ಚಿಂತೆ ಇತ್ತು. ಈಗ ನೆಮ್ಮದಿಯಾಯ್ತು. ಇಷ್ಟು ಖುಷಿಯಾಗಿ ನುಡಿಸೋರು ಕೊರಗ್ತಿರೋದು ಹೇಗೆ?"

ಗ್ರಾಮಫೋನಾಗಿದ್ದರೆ ಗೊತ್ತಾಗುತ್ತಿತ್ತು. ಅದನ್ನು ಓಡಿಸಿದರೆ ದನಿ ಕೀರಲಾಗುತ್ತದೆ. ಪಿಯಾನೋ ಸುರುಳಿ ಹಾಗಲ್ಲ. ಎಷ್ಟು ಓಡಿಸಿದರೂ ಸ್ವರ ಅದೇ ಸ್ವರ, ಬೇಗ ಬರುತ್ತದೆ ಅಷ್ಟೇ. ಮೂರು ಪೆಟ್ಟಿನ ರಾಗ ಅದು, ಓಡಿಸಿದರೆ ಒಳ್ಳೆ ಕುಣಿತವೇ ಆಗುತ್ತದೆ. ಯಾರಿಗೂ ಏನೂ ತಪ್ಪು ಕಾಣುವ ಹಾಗಿರಲಿಲ್ಲ.

ಕುಮ್ ಕಾಗದ ಮಡಿಸಿದರು.

"ಕುಮಾ, ವೇಗದ ಮುದ್ರೆ ಇತ್ತು ಅಲ್ವಾ?"

ನನಗೆ ಆಗ ಹೊಳೆಯಿತು.

"ಇರಲಿಲ್ಲ," ಎಂದೆ. "ರೊಜಾಲಿಯಾ ಮೇಜಿಗೆ ಕೊಡಲಿಲ್ಲ. ಅವಳ ಬಾಯಿಗೆ ಹೆದರಿ ಕೊಡಲಿಲ್ಲ."

ಅವರು ಕೋಟು ಬಿಚ್ಚಿ ಮೊಳೆಗೆ ಹಾಕಿದರು. ತಟ್ಟೆ ಮುಂದೆ ಕೂತರು.

"ಎಷ್ಟು ಹಾಕಬೇಕಿತ್ತು?"

"ಮೂವತ್ತೈದು."

"ಹ್ಞೂಂ. ಮೂವತ್ತೈದು." ಸಾರು ಎರಡು ಚಮಚ ತಿಂದರು. "ಕಾಗೆ ಕುಣೀತು ಅನ್ನಿ."

"ಇವತ್ತೇ ಬರೆಯೋಣ. ಮೂವತ್ತೈದಕ್ಕೆ ಇಟ್ಟು ಕೇಳಲಿ. ತಪ್ಪು ನನ್ನದು ಅಂತ ನಾನೇ ಬರೀತೀನಿ."

"ಬೇಡ."

"ಅವಳಿಗೆ ನಿಮ್ಮ ಮನಸ್ಸು..."

"ಹುಡುಗಿ ನೆಮ್ಮದಿಯಾಗಿದ್ದಾಳೆ ಅಂತ ಬರ್ದಿದ್ದಾಳೆ, ಕುಮಾ. ಹದಿನಾರು ವರ್ಷದಲ್ಲಿ ನಾನು ಅವಳಿಗೆ ಕೊಟ್ಟಿದ್ದು ಇದೊಂದೇ. ಅದನ್ನೂ ಕಿತ್ಕೊಳ್ಳೋದಾ? ಮಾತು ಕೊಡಿ, ಅವಳಿಗೆ ಹೇಳಲ್ಲ ಅಂತ."

ಮಾತು ಕೊಟ್ಟೆ.

ಮಗಳು ಇನ್ನೂ ಇಂಥದ್ದೇ ಕಳಿಸಿ ಎಂದು ಕೇಳಿದ್ದಳು. ಹಾಗಾಗಿ ಉಳಿದ ಎರಡು ವರ್ಷ ಅವರು ಖುಷಿಯ ಅಪ್ಪನಾಗಿ ಬಾಳಬೇಕಾಯಿತು. ಹರಕು ಎದೆಯಲ್ಲಿ ಕುಣಿತದ ರಾಗ ನುಡಿಸುತ್ತಿದ್ದರು, ನಡುವೆ ಕೆಮ್ಮು ಬಂದರೆ ಮತ್ತೆ ಮೊದಲಿನಿಂದ. ಅವನ್ನೆಲ್ಲ ನಾನು ಹಳೆ ಅಳತೆಗೆ ಕತ್ತರಿಸಿದೆ, ಒಟ್ಟು ಏಳು. ಮೊದಲನೆಯದನ್ನು ರೊಜಾಲಿಯಾಳ ಮೇಜಿನ ಮೇಲೆ ಇಟ್ಟು, ಯಾಕೆ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವಳು ಮುದ್ರೆ ಒತ್ತಿ ಕೊಟ್ಟಳು. ಎರಡನೇ ಸಲ ಹೋದಾಗ, "ಕೆಮ್ಮು ಹೇಗಿದೆ ಅವರಿಗೆ?" ಎಂದು ಕೇಳಿ, ಬಾತುಕೋಳಿ ಕೊಬ್ಬಿನ ಭರಣಿ ಕೊಟ್ಟಳು, ಎದೆಗೆ ಹಚ್ಚಲು.

ಕಾಗದಗಳಲ್ಲೂ ಅವರು ತಮಾಷೆ ಬಿಟ್ಟು ಬೇರೆ ಬರೆಯುತ್ತಿರಲಿಲ್ಲ. ಹಂಗೇರಿಯ ಹೆಂಗಸಿನ ಕತೆ ಬರೆದರು. ಬರೆಯುವುದಕ್ಕೆ ನಿಜವಾದದ್ದು ಮುಗಿದಾಗ ಕಟ್ಟಿ ಬರೆದರು. ಆಸ್ಪತ್ರೆ ಸೇರಿದ ಮೇಲೆ ಅದನ್ನು ಬೆಟ್ಟದ ಮೇಲಿನ ಹೋಟೆಲು ಎಂದು ಬರೆಸಿದರು. ಬರೆದುಕೊಂಡವಳು ನಾನೇ. ಅಕ್ಷರ ನಿಧಾನ ಬರುತ್ತಿತ್ತು, ಅವರು ಕಾಯುತ್ತಿದ್ದರು.

ಮೂವತ್ತೊಂದರ ಮಾರ್ಚಿನಲ್ಲಿ, ಒಂದು ಗುರುವಾರ ಮಧ್ಯಾಹ್ನ, ಅವರು ಕಿಟಕಿ ಕಡೆ ನೋಡುತ್ತಾ ಮಲಗಿದ್ದರು.

"ಮೂರನೇ ಬಿಡುವು ಏಳು ಇಂಚು ಅಂದ್ರಲ್ಲ."

"ಏಳೇ."

"ಎಷ್ಟು ಓಡಿಸಿದ್ರೂ ಒಂದೆರಡು ಕ್ಷಣ ಇರ್ತದೆ. ಅಷ್ಟರಲ್ಲಿ ಅವಳು ತಿರುಗಿ ನೋಡಿದ್ಲೋ ಇಲ್ವೋ. ಅದೊಂದು ಗೊತ್ತಾಗಿದ್ರೆ ಆಗಿತ್ತು."

"ಕೇಳಿ ಬರೀಲಾ?"

"ಬೇಡ. ಕೇಳಿದ್ರೆ ಯಾಕೆ ಅಂತಾಳೆ."

ಶನಿವಾರ ಬೆಳಿಗ್ಗೆ ಹೋದರು. ಬೋಮನ್ ಒಂದು ಹೂಮಾಲೆ ಕಳಿಸಿದ. ಅದರ ಪಟ್ಟಿಯ ಮೇಲೆ ಯಾವ ಹೆಸರು ಬರೆಸಬೇಕೆಂದು ಆಫೀಸಿನವರಿಗೆ ಗೊತ್ತಾಗದೆ ಹಾಗೇ ಖಾಲಿ ಬಿಟ್ಟಿದ್ದರು.

ಸಾವಿನ ಸುದ್ದಿ ಬರೆದೆ. ಬೇಸಿಗೆಯಲ್ಲಿ ಸಾಲ್ಚಾ ಬರೆದಳು. ನನ್ನನ್ನು ಚಿಕ್ಕಮ್ಮ ಎಂದು ಕರೆದಿದ್ದಳು. ಉದ್ದದ ಕಾಗದವಲ್ಲ. ಕೊನೆಗೆ ಒಂದು ಪ್ರಶ್ನೆ: "ಅಪ್ಪ ಕಡೇವರೆಗೂ ಖುಷಿಯಾಗಿದ್ದರಾ? ನೀವು ಜೊತೆಗಿದ್ದೋರು, ನೀವೇ ಹೇಳಬೇಕು."

ಮೂರು ವಾರ ಆ ಕಾಗದ ಅಡಿಗೆಮನೆಯ ಶಿಲುಬೆಯ ಹಿಂದೆ ಇತ್ತು. ಹೌದು ಎಂದು ಬರೆದರೆ ಮುಗಿಯುತ್ತಿತ್ತು. ಆ ಅಕ್ಷರಗಳು ನನಗೆ ಬರುತ್ತಿದ್ದವು. ಇಡೀ ಆಯುಷ್ಯ ಗೀಟು ಇದ್ದಲ್ಲಿ ಕತ್ತರಿಸಿದವಳು ನಾನು, ಇಲ್ಲದ ಕಡೆ ಚೂರಿ ಇಡಲು ಕೈ ಬರಲಿಲ್ಲ. ಮಾತು ಕೊಟ್ಟದ್ದೂ ಎದುರಿಗೇ ಇತ್ತು. ಕೊನೆಗೆ ಅವರು ಏನು ಊಟ ಮಾಡುತ್ತಿದ್ದರು, ಯಾವ ತಮಾಷೆ ಮಾಡುತ್ತಿದ್ದರು, ಎಲ್ಲಿ ಮಣ್ಣು ಮಾಡಿದೆವು, ಅಷ್ಟನ್ನು ಬರೆದೆ. ಖುಷಿಯ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಅಡಿಯಲ್ಲಿ ಎರಡು ಸಾಲು ಸೇರಿಸಿದೆ: "ಟೋಪಿ ಶಾಸ್ತ್ರದ ಸುರುಳಿಗೆ ವೇಗ ಮೂವತ್ತೈದು. ಮುದ್ರೆ ಹಾಕದೆ ಕಳಿಸಿದ್ದು ನನ್ನ ತಪ್ಪು."

ಮಾತು ಮುರಿದೆ. ಮುರಿದಿಲ್ಲ ಎಂದು ಹೇಳುವುದಿಲ್ಲ.

ಉತ್ತರ ಬರಲು ಅಕ್ಟೋಬರ್ ಆಯಿತು. ಇಲ್ಲಿ ಅದನ್ನು ಅವಳು ಬರೆದ ಹಾಗೇ ಇಳಿಸುತ್ತೇನೆ.

"ಚಿಕ್ಕಮ್ಮಾ, ಅಂಗಡಿ ಬಾಗಿಲು ಹಾಕಿದ ದಿನ ಸೆವೆರಿನ್ ಕೈಲಿ ಮುಳ್ಳನ್ನ ಮೂವತ್ತೈದಕ್ಕೆ ಇಡಿಸಿ ಕೇಳಿದೆ. ಮಗು ತೊಡೆ ಮೇಲಿತ್ತು. ಮೊದಲ ಬಿಡುವಿನಲ್ಲಿ ನನ್ನ ಕೈ ತಲೆಗೆ ಹೋಯ್ತು. ಮೂರನೇ ಬಿಡುವಿನಲ್ಲಿ ತಿರುಗಿ ನೋಡಿದೆ. ಅಲ್ಲಿ ಕೋಟು ನೇತುಹಾಕೋ ಗೂಟ ಇತ್ತು. ಅಪ್ಪನ ಈ ಸಂಗೀತಕ್ಕೆ ನಾನು ಐದು ಸಲ ಕುಣಿದೆ. ಅವರು ಬದುಕಿದ್ದಾಗ ನೀವು ಹೇಳಬಹುದಿತ್ತು."

ಆಮೇಲೆ ಅವಳು ಬರೆಯಲಿಲ್ಲ. ನಾನು ಮೂರು ಸಲ ಬರೆದೆ, ಯಾವುದೂ ಹಿಂದಕ್ಕೆ ಬರಲಿಲ್ಲ, ಆದ್ದರಿಂದ ತಲುಪಿರಬೇಕು.

ಆ ವರ್ಷ ಸತ್ತವರ ಹಬ್ಬದ ದಿನ ದೀಪ ತಗೊಂಡು ಸ್ಮಶಾನಕ್ಕೆ ಹೋದೆ. ಮೊದಲು ತೆಯೋಫಿಲ್‌ಗೆ ಹಚ್ಚಿದೆ, ಆಮೇಲೆ ಕುಮ್‌ಗೆ. ಗಾಳಿ ಇತ್ತು, ಎರಡು ಸಲ ಆರಿತು. ಸಾಲ್ಚಾಳ ಕಾಗದ ಬಿಚ್ಚಿ, ಬೆರಳು ಇಟ್ಟುಕೊಂಡು, ಮೂರನೇ ಬಿಡುವಿನಲ್ಲಿ ತಿರುಗಿ ನೋಡಿದೆ ಎನ್ನುವ ಸಾಲನ್ನು ಅವರಿಗೆ ಕೇಳುವ ಹಾಗೆ ಓದಿದೆ. ಕೊನೆಯ ಸಾಲು ನನಗೆ ಬರೆದದ್ದು. ಅದನ್ನು ಅಲ್ಲಿ ಓದಲಿಲ್ಲ.